ಮನೆಯಲ್ಲೇ ಕಟ್ಟಿದ ಆಂಪ್ಲಿಫೈಯರ್ ಗುಂಯ್ ಅನ್ನುತ್ತಿದೆಯಾ? ಹಮ್ ಹುಡುಕಿ ಸರಿಪಡಿಸುವ ಬಗೆ

ಬೋರ್ಡಿಗೆ ಬೆಸುಗೆ ಹಾಕಿ ಮುಗಿಯಿತು, ಟ್ರಾನ್ಸ್‌ಫಾರ್ಮರ್ ಕೂರಿಸಿದ್ದಾಯಿತು, ಸ್ವಿಚ್ ಹಾಕಿದರೆ ಹಾಡೂ ಬರುತ್ತದೆ. ಆದರೆ ಹಾಡಿನ ಹಿಂದೆ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಹಾಡು ನಿಲ್ಲಿಸಿದರೆ ಅದೊಂದೇ ಕೇಳುತ್ತದೆ. ಇದಕ್ಕೆ ಎಲ್ಲರೂ ಹಮ್ ಅನ್ನುತ್ತಾರೆ.

ಹಮ್ ಬಂದ ಕೂಡಲೇ ಹೆಚ್ಚಿನವರು ಐಸಿ ಬದಲಾಯಿಸುತ್ತಾರೆ. ಇಲ್ಲವೇ ಇನ್ನೂ ದೊಡ್ಡ ಕೆಪಾಸಿಟರ್ ತಂದು ಹಾಕುತ್ತಾರೆ. ಎರಡರಿಂದಲೂ ಸಾಮಾನ್ಯವಾಗಿ ಉಪಯೋಗ ಆಗುವುದಿಲ್ಲ. ಬಿಡಿಭಾಗ ಕೆಟ್ಟು ಹಮ್ ಬರುವುದಕ್ಕಿಂತ, ಗ್ರೌಂಡ್ ವೈರು (ಸರ್ಕ್ಯೂಟಿನ ಸೊನ್ನೆ ವೋಲ್ಟಿನ ವೈರು) ಎಲ್ಲಿಂದ ಎಲ್ಲಿಗೆ ಹೋಗಿದೆ ಅನ್ನುವುದರಿಂದ ಹಮ್ ಬರುವುದೇ ಜಾಸ್ತಿ. ಹಾಗಾಗಿ ದುಡ್ಡು ಖರ್ಚು ಮಾಡುವ ಮುಂಚೆ ಕಿವಿಗೂ ಮಲ್ಟಿಮೀಟರಿಗೂ ಸ್ವಲ್ಪ ಕೆಲಸ ಕೊಡಿ.

ಉದಾಹರಣೆಗೆ ನಮ್ಮಲ್ಲಿ ತುಂಬಾ ಜನ ಕಟ್ಟುವ ಸೆಟ್ಟನ್ನೇ ತೆಗೆದುಕೊಂಡಿದ್ದೇನೆ: ಎರಡು ಟಿಡಿಎ2030 ಆಂಪ್ಲಿಫೈಯರ್ ಐಸಿ, 12-0-12 ವೋಲ್ಟಿನ 3 ಆಂಪ್ ಟ್ರಾನ್ಸ್‌ಫಾರ್ಮರ್, ಒಂದು ಬ್ರಿಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಜೋಡಣೆ), ಎರಡು 4700 ಮೈಕ್ರೋಫ್ಯಾರಡ್ ಕೆಪಾಸಿಟರ್, ತಗಡಿನ ಪೆಟ್ಟಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಓಣಿಯಲ್ಲಿ ಇಷ್ಟೂ ಸಾಮಾನು ಸಿಗುತ್ತದೆ. ನಿಮ್ಮದು ಎಲ್ಎಂ3886 ಅಥವಾ ಟಿಡಿಎ7294 ಆಗಿದ್ದರೂ ಹುಡುಕುವ ದಾರಿ ಇದೇ. ವೋಲ್ಟೇಜ್ ಲೆಕ್ಕ ಮಾತ್ರ ಬೇರೆ.

ಪೆಟ್ಟಿಗೆ ಬಿಚ್ಚುವ ಮುಂಚೆ

ಟ್ರಾನ್ಸ್‌ಫಾರ್ಮರಿನ ಒಂದು ಕಡೆ 230 ವೋಲ್ಟ್ ಇರುತ್ತದೆ, ಅದೇ ಪ್ರೈಮರಿ. ಫ್ಯೂಸ್, ಸ್ವಿಚ್, ಪ್ರೈಮರಿ ವೈರಿನ ಜೋಡಣೆ, ಇವುಗಳಲ್ಲಿ ಎಲ್ಲೂ ಬರಿ ತಾಮ್ರ ಕಾಣಬಾರದು. ಎಲ್ಲದಕ್ಕೂ ಸ್ಲೀವ್ ಇರಲಿ. ಯಾವುದೇ ವೈರು ಕದಲಿಸುವ ಮುಂಚೆ ಪ್ಲಗ್ಗನ್ನೇ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ಬರೀ ಸ್ವಿಚ್ ಆರಿಸಿದರೆ ಸಾಲದು. ಆಮೇಲೆ ಕೆಪಾಸಿಟರ್ ಖಾಲಿ ಮಾಡಿ. 100 ಓಮಿನ 5 ವ್ಯಾಟ್ ರೆಸಿಸ್ಟರ್ ಒಂದನ್ನು ಎರಡೂ ತುದಿಗೆ ಕೆಲವು ಸೆಕೆಂಡ್ ಹಿಡಿದು, ಮೀಟರಿನಲ್ಲಿ ಸೊನ್ನೆ ನೋಡಿಕೊಳ್ಳಿ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ಪದ್ಧತಿ ಬೇಡ. ಟ್ರ್ಯಾಕ್ ಸುಡುತ್ತದೆ, ಕೆಲವೊಮ್ಮೆ ಕೈಯೂ ಸುಡುತ್ತದೆ.

ಕರೆಂಟ್ ಇರುವಾಗ ಅಳೆಯಬೇಕಾದರೆ ಒಂದೇ ಕೈ ಬಳಸಿ. ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಕಾಲಿಗೆ ಒಣ ಚಪ್ಪಲಿ ಇರಲಿ.

ಸೀರೀಸ್ ಬೋರ್ಡ್ (ಒಂದು ಬಲ್ಬಿನ ಮೂಲಕ ಕರೆಂಟ್ ಕೊಡುವ ಬೋರ್ಡ್) ಇದ್ದರೆ ಅದರ ಮೂಲಕವೇ ಮೊದಲು ಆನ್ ಮಾಡಿ. 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬೇ ಬೇಕು, ಎಲ್ಇಡಿ ನಡೆಯುವುದಿಲ್ಲ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ತಿ ಬೆಳಗಿ ಹಾಗೇ ನಿಂತರೆ ಒಳಗೆ ಎಲ್ಲೋ ಶಾರ್ಟ್ ಇದೆ. ಅದನ್ನು ಸರಿಪಡಿಸುವ ತನಕ ಹಮ್ಮಿನ ವಿಚಾರ ಬಿಡಿ.

ಇನ್ನೊಂದು ಮಾತು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ತೆಗೆದರೆ ಹಮ್ ಹೋಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೆಲವೊಮ್ಮೆ ಹೋಗುವುದು ನಿಜ. ಆದರೆ ಪ್ರೈಮರಿ ವೈರು ಎಂದಾದರೂ ಒಳಗೆ ತಗಡಿಗೆ ತಾಗಿದರೆ ಇಡೀ ಪೆಟ್ಟಿಗೆ 230 ವೋಲ್ಟಿಗೆ ಬರುತ್ತದೆ. ಆಡಿಯೋ ಕೇಬಲ್ ಮೂಲಕ ಅದು ಕೈಯಲ್ಲಿರುವ ಫೋನಿನವರೆಗೂ ಬರಬಹುದು. ಆ ಪಿನ್ ಇದ್ದರೆ ಫ್ಯೂಸ್ ಹಾರುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈ ಮೂಲಕವೇ ಕರೆಂಟ್ ಹೋಗುತ್ತದೆ. ಪರೀಕ್ಷೆಗಾಗಿ ಒಂದು ನಿಮಿಷಕ್ಕೂ ಅದನ್ನು ತೆಗೆಯಬೇಡಿ.

ಮೊದಲು ಕಿವಿಯಿಂದಲೇ

ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಹುಡುಕಾಟ ಮುಗಿಯಿತು.

ಒಂದು, ಸದ್ದು ಎಂಥದ್ದು? ನಮ್ಮ ಮನೆಯ ಕರೆಂಟ್ 50 ಹರ್ಟ್ಸ್. ಬ್ರಿಜ್ ದಾಟಿದ ಮೇಲೆ ಅದು 100 ಹರ್ಟ್ಸ್ ಆಗುತ್ತದೆ. ನುಣುಪಾದ, ತೀರಾ ತಗ್ಗಿನ ಮ್‌ಮ್‌ಮ್ ಅನ್ನುವ ಸದ್ದಾದರೆ ಅದು 50. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದಿಂದಲೋ ಗ್ರೌಂಡ್ ಲೂಪಿನಿಂದಲೋ (ಎರಡು ದಾರಿಯಲ್ಲಿ ಕೂಡಿ ಗ್ರೌಂಡ್ ಒಂದು ಸುತ್ತು ಆಗುವುದು) ಬಂದಿರುತ್ತದೆ. ಸ್ವಲ್ಪ ಒರಟಾಗಿ, ಜೀರುಂಡೆ ಥರ ಝರ್ ಅಂದರೆ ಅದು 100 ಮತ್ತು ಅದರ ಮೇಲಿನ ಪಟ್ಟುಗಳು. ಕೆಪಾಸಿಟರ್ ಚಾರ್ಜ್ ಆಗುವ ಕರೆಂಟ್ ಎಲ್ಲೋ ಸಿಗ್ನಲ್ ದಾರಿಗೆ ಸೇರಿಕೊಂಡಿದೆ ಅಂತ ಅರ್ಥ. ನಾಲ್ಕು ಇಂಚಿನ ಸ್ಪೀಕರಿನಲ್ಲಿ 50 ಹರ್ಟ್ಸ್ ಸರಿಯಾಗಿ ಕೇಳುವುದೇ ಇಲ್ಲ. ಅನುಮಾನವಿದ್ದರೆ ದೊಡ್ಡ ಸ್ಪೀಕರ್ ಹಚ್ಚಿ ಕೇಳಿ.

ಎರಡು, ವಾಲ್ಯೂಮ್ ತಿರುಗಿಸಿದರೆ ಹಮ್ ಬದಲಾಗುತ್ತದಾ? ಬದಲಾದರೆ ತೊಂದರೆ ವಾಲ್ಯೂಮ್ ಕಂಟ್ರೋಲಿನವರೆಗೆ ಎಲ್ಲೋ ಇದೆ: ಫೋನು, ಕೇಬಲ್, ಇನ್‌ಪುಟ್ ಸಾಕೆಟ್, ಪ್ರೀಆಂಪ್. ಬದಲಾಗದಿದ್ದರೆ ಕಂಟ್ರೋಲಿನ ಆಚೆಗೆ, ಅಂದರೆ ಪವರ್ ಸಪ್ಲೈ, ಬೋರ್ಡು, ಗ್ರೌಂಡ್ ವೈರಿಂಗ್.

ಇದನ್ನು ಗಟ್ಟಿ ಮಾಡಿಕೊಳ್ಳಲು ಒಂದು ಶಾರ್ಟಿಂಗ್ ಪ್ಲಗ್ ಮಾಡಿಟ್ಟುಕೊಳ್ಳಿ. ಒಂದು ಆರ್‌ಸಿಎ ಪ್ಲಗ್ಗಿನ ನಡುವಿನ ಪಿನ್ನಿಗೂ ಹೊರಗಿನ ಬಳೆಗೂ ಒಂದು ತುಂಡು ತಂತಿ ಬೆಸುಗೆ ಹಾಕಿದರೆ ಆಯಿತು. ಅದನ್ನು ಇನ್‌ಪುಟ್‌ಗೆ ಸಿಕ್ಕಿಸಿ ವಾಲ್ಯೂಮ್ ಪೂರ್ತಿ ಏರಿಸಿ. ಸದ್ದಿಲ್ಲದಿದ್ದರೆ ಆಂಪ್ಲಿಫೈಯರ್ ಚೆನ್ನಾಗಿದೆ, ಹೊರಗಿನ ಕೇಬಲ್ಲು, ಫೋನು, ಟಿವಿ ಕಡೆ ನೋಡಿ. ಹಮ್ ಇದ್ದರೆ ಪೆಟ್ಟಿಗೆಯೊಳಗೇ ಹುಡುಕಬೇಕು.

ಸ್ಪೀಕರ್ ಕಿತ್ತರೂ ಪೆಟ್ಟಿಗೆಯೇ ಗುಂಯ್ ಅನ್ನುತ್ತದೆ

ಇದು ಆಡಿಯೋ ಹಮ್ ಅಲ್ಲ, ಟ್ರಾನ್ಸ್‌ಫಾರ್ಮರ್ ನಡುಗುತ್ತಿದೆ. ಮೊದಲು ಅದರ ಸ್ಕ್ರೂ ಬಿಗಿ ಮಾಡಿ, ಕೆಳಗೆ ರಬ್ಬರ್ ತುಂಡು ಇಡಿ. ತಗಡಿನ ಪೆಟ್ಟಿಗೆ ಚಿಕ್ಕ ನಡುಕವನ್ನೂ ದೊಡ್ಡದು ಮಾಡಿ ಕೇಳಿಸುತ್ತದೆ. ಆದರೂ ಸದ್ದು ಜೋರಾಗಿದ್ದು, ಹಾಡಿಲ್ಲದೆಯೂ ಹತ್ತು ನಿಮಿಷದಲ್ಲಿ ಕೈ ಇಡಲಾಗದಷ್ಟು ಬಿಸಿಯಾದರೆ ಪ್ಲಗ್ ಕೀಳಿ. ಬ್ರಿಜ್ಜಿನ ಒಂದು ಡಯೋಡ್ ಶಾರ್ಟ್ ಆಗಿರಬಹುದು, ಇಲ್ಲವೇ ಟ್ರಾನ್ಸ್‌ಫಾರ್ಮರ್ ಸುತ್ತೇ ಕೆಟ್ಟಿರಬಹುದು.

ಉಂಗುರದ ಆಕಾರದ ಟೊರಾಯ್ಡ್ ಬಳಸಿದವರು ಒಂದು ವಿಷಯ ನೋಡಬೇಕು. ಅದರ ನಡುವೆ ಹಾಯುವ ಬೋಲ್ಟು ಕೆಳಗಿನ ತಗಡಿಗೂ ಮೇಲಿನ ಮುಚ್ಚಳಕ್ಕೂ, ಎರಡಕ್ಕೂ ತಾಗಬಾರದು. ತಾಗಿದರೆ ಬೋಲ್ಟು ಮತ್ತು ಪೆಟ್ಟಿಗೆ ಸೇರಿ ಒಂದು ಶಾರ್ಟ್ ಆದ ಸುತ್ತಾಗುತ್ತದೆ. ಭಾರೀ ಕರೆಂಟ್ ಹರಿದು ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗುತ್ತದೆ.

ಚಾರ್ಜರ್ ಹಾಕಿದಾಗ ಮಾತ್ರ ಹಮ್, ಕಿತ್ತರೆ ಇಲ್ಲ

ಫೋನು ಬ್ಯಾಟರಿಯಲ್ಲಿದ್ದಾಗ ಸದ್ದಿಲ್ಲ, ಚಾರ್ಜಿಗೆ ಹಾಕಿದ ಕೂಡಲೇ ಝರ್. ಲ್ಯಾಪ್‌ಟಾಪಿನಲ್ಲೂ ಹೀಗೇ. ಎರಡು ಪಿನ್ನಿನ ಚಾರ್ಜರುಗಳ ಒಳಗೆ 230 ವೋಲ್ಟ್ ಬದಿಗೂ ಹೊರಗಿನ ಬದಿಗೂ ನಡುವೆ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ತೀರಾ ಸಣ್ಣ ಕರೆಂಟ್ ಸೋರುತ್ತಲೇ ಇರುತ್ತದೆ. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೈ ಸವರಿದರೆ ಜುಮ್ ಅನ್ನುತ್ತದಲ್ವಾ, ಅದೇ ಇದು. ನಿಮ್ಮ ಆಂಪ್ಲಿಫೈಯರಿಗೆ ಅರ್ಥ್ ಇರುವುದರಿಂದ ಆ ಕರೆಂಟ್ ಆಡಿಯೋ ಕೇಬಲ್ಲಿನ ಗ್ರೌಂಡ್ ಹಿಡಿದು ಅರ್ಥಿಗೆ ಇಳಿಯುತ್ತದೆ. ಇಳಿಯುವಾಗ ಸದ್ದು ಬಿಟ್ಟು ಹೋಗುತ್ತದೆ.

ಇಲ್ಲಿ ಆಂಪ್ಲಿಫೈಯರಿನ ತಪ್ಪು ಏನೂ ಇಲ್ಲ. ಖರ್ಚಿಲ್ಲದ ಪರಿಹಾರ ಬ್ಯಾಟರಿಯಲ್ಲೇ ಕೇಳುವುದು. ಅದಾಗದಿದ್ದರೆ ಕಾರ್ ಆಡಿಯೋ ಅಂಗಡಿಗಳಲ್ಲಿ ಸಿಗುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಅದರೊಳಗೆ ಇರುವುದು ಎರಡು ಚಿಕ್ಕ ಆಡಿಯೋ ಟ್ರಾನ್ಸ್‌ಫಾರ್ಮರ್. ಸಿಗ್ನಲ್ ದಾಟುತ್ತದೆ, ಗ್ರೌಂಡ್ ಬೇರೆಯಾಗುತ್ತದೆ. ತೀರಾ ಅಗ್ಗದ್ದು ಹಾಕಿದರೆ ಬೇಸ್ ಸ್ವಲ್ಪ ತೆಳುವಾಗುತ್ತದೆ.

ಟಿವಿ ಅಥವಾ ಕಂಪ್ಯೂಟರ್ ಹಚ್ಚಿದಾಗ ಮಾತ್ರ ಹಮ್

ಇದು ನಿಜವಾದ ಗ್ರೌಂಡ್ ಲೂಪ್. ಮೇಜಿನ ಕಂಪ್ಯೂಟರಿಗೆ ಮೂರು ಪಿನ್, ನಿಮ್ಮ ಆಂಪ್ಲಿಫೈಯರಿಗೂ ಮೂರು ಪಿನ್. ಗೋಡೆಯ ಅರ್ಥಿನ ಮೂಲಕ ಇವೆರಡೂ ಮೊದಲೇ ಕೂಡಿಕೊಂಡಿವೆ. ಆಡಿಯೋ ಕೇಬಲ್ ಹಾಕಿದಾಗ ಇನ್ನೊಂದು ದಾರಿಯಲ್ಲೂ ಕೂಡುತ್ತವೆ. ಆ ಎರಡು ದಾರಿ ಸೇರಿ ಒಂದು ದೊಡ್ಡ ಸುತ್ತು ಆಗುತ್ತದೆ. ಎರಡು ಅರ್ಥುಗಳ ನಡುವೆ ಚೂರು ವೋಲ್ಟೇಜ್ ವ್ಯತ್ಯಾಸ ಇದ್ದರೂ ಆ ಸುತ್ತಿನಲ್ಲಿ 50 ಹರ್ಟ್ಸ್ ಕರೆಂಟ್ ಓಡುತ್ತದೆ.

ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಸುಮಾರು ಸಲ ಇಷ್ಟರಲ್ಲೇ ಹಮ್ ಇಳಿದುಬಿಡುತ್ತದೆ. ಟಿವಿ ಆದರೆ ಸೆಟ್‌ಟಾಪ್ ಬಾಕ್ಸಿನ ಹಿಂದಿನ ಡಿಶ್ ಅಥವಾ ಕೇಬಲ್ ವೈರನ್ನು ಒಮ್ಮೆ ಬಿಚ್ಚಿ ಕೇಳಿ. ಹಮ್ ಹೋದರೆ ಆ ವೈರಿನ ಶೀಲ್ಡ್ (ಹೊರಗಿನ ಲೋಹದ ಬಲೆ) ಮಹಡಿ ಮೇಲೋ ಬೀದಿಯಲ್ಲೋ ಬೇರೆ ಕಡೆ ಅರ್ಥ್ ಆಗಿದೆ ಅಂತ ಅರ್ಥ. ಅಲ್ಲೂ ಐಸೊಲೇಟರ್ ಹಾಕುವುದೇ ದಾರಿ.

ಜೊತೆಗೆ ಮನೆಯ ಅರ್ಥಿಂಗ್ ಸರಿ ಇದೆಯಾ ನೋಡಿ. ಮೀಟರನ್ನು 600 ಅಥವಾ 750 ವೋಲ್ಟ್ ಎಸಿಗೆ ಇಟ್ಟು, ಕೆಂಪು ಪ್ರೋಬ್ ಕರೆಂಟ್ ಅಳೆಯುವ ತೂತಿನಲ್ಲಿ ಇಲ್ಲ ಅಂತ ಖಚಿತ ಮಾಡಿಕೊಂಡು ಸಾಕೆಟ್ ಅಳೆಯಿರಿ. ಫೇಸ್‌ನಿಂದ ನ್ಯೂಟ್ರಲ್‌ಗೆ 230ರ ಹತ್ತಿರ, ಫೇಸ್‌ನಿಂದ ಅರ್ಥಿಗೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್‌ನಿಂದ ಅರ್ಥಿಗೆ ಎರಡು ಮೂರು ವೋಲ್ಟ್ ಬಂದರೆ ಸರಿ. ಫೇಸ್‌ನಿಂದ ಅರ್ಥಿಗೆ ನೂರು ಚಿಲ್ಲರೆ ಬಂದರೆ ಆ ಅರ್ಥ್ ಎಲ್ಲಿಗೂ ತಲುಪಿಲ್ಲ. ಇದನ್ನು ನೀವೇ ರಿಪೇರಿ ಮಾಡಲು ಹೋಗಬೇಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಕರೆಸಿ. ಸಾಕೆಟ್ ಅಳೆಯುವ ಅಭ್ಯಾಸ ಇಲ್ಲದಿದ್ದರೆ ಅಳೆಯುವ ಕೆಲಸವನ್ನೂ ಅವರಿಗೇ ಬಿಡಿ.

ಆಂಪ್ಲಿಫೈಯರಿನ ಒಳಗೇ ಲೂಪ್ ಒಡೆಯುವ ಒಂದು ಉಪಾಯವೂ ಇದೆ. ಅರ್ಥ್ ವೈರು ನೇರವಾಗಿ ತಗಡಿಗೆ ಬೋಲ್ಟಿನಿಂದ ಬಿಗಿದಿರಬೇಕು, ಅದನ್ನು ಮುಟ್ಟಬಾರದು. ಆದರೆ ಆಡಿಯೋ ಗ್ರೌಂಡನ್ನು ತಗಡಿಗೆ ಕೂಡಿಸುವ ವೈರಿನಲ್ಲಿ 10 ಓಮಿನ ರೆಸಿಸ್ಟರ್ ಹಾಕಬಹುದು. ಅದರ ಎರಡೂ ತುದಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರನ್ನೂ ಒಂದು 35 ಆಂಪ್ ಬ್ರಿಜ್ಜನ್ನೂ ಸಮಾಂತರವಾಗಿ ಕೂಡಿಸಬೇಕು. ಬ್ರಿಜ್ಜಿನ ಎರಡು ಎಸಿ ಕಾಲುಗಳು ಸೇರಿ ಒಂದು ತುದಿ, ಪ್ಲಸ್ ಮೈನಸ್ ಸೇರಿ ಇನ್ನೊಂದು ತುದಿ. ಲೂಪಿನ ಸಣ್ಣ ಕರೆಂಟಿಗೆ ರೆಸಿಸ್ಟರ್ ಅಡ್ಡ ಬರುತ್ತದೆ. ಏನಾದರೂ ಅವಘಡವಾಗಿ ದೊಡ್ಡ ಕರೆಂಟ್ ಬಂದರೆ ಬ್ರಿಜ್ ಅದನ್ನು ಅರ್ಥಿಗೆ ಸಾಗಿಸುತ್ತದೆ. ಇನ್‌ಪುಟ್ ಸಾಕೆಟ್ಟುಗಳು ತಗಡಿಗೆ ತಾಗಿಕೊಂಡಿದ್ದರೆ ಇದು ಕೆಲಸ ಮಾಡುವುದಿಲ್ಲ. ಫೈಬರ್ ವಾಷರ್ ಹಾಕಿ ಅವನ್ನು ಬೇರೆ ಮಾಡಲೇಬೇಕು.

ವಾಲ್ಯೂಮ್ ನಾಬ್ ಮುಟ್ಟಿದರೆ ಹಮ್ ಕಡಿಮೆಯಾಗುತ್ತದೆ

ಇದು ತುಂಬಾ ಸುಲಭವಾಗಿ ಸರಿಹೋಗುವ ತೊಂದರೆ. ಕಂಟ್ರೋಲಿನ ಲೋಹದ ಮೈ ಗ್ರೌಂಡಿಗೆ ಸೇರಿಲ್ಲ, ಅದು ಆಂಟೆನಾ ಆಗಿದೆ. ಅದರ ಬೆನ್ನಿನ ಮೇಲೆ ಒಂದು ಜಾಗದಲ್ಲಿ ಮರಳು ಕಾಗದದಿಂದ ಚೂರು ಉಜ್ಜಿ, ಒಂದು ವೈರು ಬೆಸುಗೆ ಹಾಕಿ ಇನ್‌ಪುಟ್ ಗ್ರೌಂಡಿಗೆ ಕೊಡಿ. ಕಂಟ್ರೋಲ್ ತಗಡಿಗೆ ನಟ್ಟಿನಿಂದ ಬಿಗಿಯಾಗಿ ಕೂತು, ತಗಡು ಅರ್ಥ್ ಆಗಿದ್ದರೆ ಈ ವೈರು ಬೇಡ. ಪೆಟ್ಟಿಗೆಗೆ ಬಣ್ಣ ಬಳಿದಿದ್ದರೆ ನಟ್ಟಿನ ಕೆಳಗೆ ಲೋಹ ಲೋಹಕ್ಕೆ ತಾಗುತ್ತಿದೆಯಾ ಅಂತ ಒಮ್ಮೆ ನೋಡಿ.

ಮುಟ್ಟಿದರೆ ಹಮ್ ಹೆಚ್ಚಾದರೆ ವಿಷಯ ಬೇರೆ. ಇನ್‌ಪುಟ್ ಶೀಲ್ಡ್ ಎಲ್ಲೋ ತುಂಡಾಗಿದೆ. ಕೇಬಲ್ಲಿನ ಎರಡೂ ತುದಿಯ ಹೊರಬಳೆಗಳ ನಡುವೆ ಮೀಟರಿನ ಬಝರ್ ಹಿಡಿದು, ಪ್ಲಗ್ಗಿನ ಕತ್ತು ಅಲ್ಲಾಡಿಸಿ. ಬೀಪ್ ಕಡಿದು ಕಡಿದು ಬಂದರೆ ಕೇಬಲ್ ಬದಲಿಸಿ. ಮುಟ್ಟಿದಾಗ ಶಾಕ್ ಹೊಡೆದರೆ ಮಾತ್ರ ತಕ್ಷಣ ಮೇನ್ ಆರಿಸಿ. ಅದು ಹಮ್ಮಿನ ವಿಷಯ ಅಲ್ಲ.

ವಾಲ್ಯೂಮ್ ನಡುವೆ ಇದ್ದಾಗ ಜಾಸ್ತಿ, ಎರಡೂ ತುದಿಯಲ್ಲಿ ಕಡಿಮೆ

ಇದು ವಿಚಿತ್ರ ಅನ್ನಿಸಿದರೂ ಬಹಳ ನಿಖರವಾದ ಸುಳಿವು. ಇನ್‌ಪುಟ್‌ಗೆ ಶಾರ್ಟಿಂಗ್ ಪ್ಲಗ್ ಹಾಕಿದಾಗ ಕಂಟ್ರೋಲಿನ ಎರಡೂ ತುದಿ ಗ್ರೌಂಡಿನಲ್ಲಿರುತ್ತವೆ. ನಾಬ್ ನಡುವೆ ಬಂದಾಗ ನಡುಕಾಲು ಎರಡೂ ತುದಿಯಿಂದ ಅತಿ ದೂರ, ಅಂದರೆ ಅಲ್ಲಿ ರೆಸಿಸ್ಟೆನ್ಸ್ ಅತಿ ಹೆಚ್ಚು. ಆ ಕಾಲಿನಿಂದ ಬೋರ್ಡಿಗೆ ಹೋಗುವ ವೈರು ಸುತ್ತಲಿನ 230 ವೋಲ್ಟಿನ ವೈರಿನಿಂದ ಹಮ್ ಹೀರಿಕೊಳ್ಳುತ್ತಿದೆ. ಅಲ್ಲಿಗೆ ಶೀಲ್ಡ್ ವೈರು ಹಾಕಿ. ಮೇನ್ ಸ್ವಿಚ್ಚಿನ ವೈರು ಪೆಟ್ಟಿಗೆಯ ಇನ್ನೊಂದು ಬದಿಯಿಂದ ಹೋಗಲಿ. ವಾಲ್ಯೂಮ್ ಜೊತೆಗೇ ಸ್ವಿಚ್ ಇರುವ ಹಳೇ ರೇಡಿಯೋ ಮಾದರಿಯ ಕಂಟ್ರೋಲ್ ಬಳಸಿ ಅದರಲ್ಲೇ 230 ವೋಲ್ಟ್ ಹಾಯಿಸಿದ್ದರೆ ಬೇರೆ ಸ್ವಿಚ್ ಹಾಕಿಬಿಡಿ. 100 ಕಿಲೋ ಓಮಿನ ಕಂಟ್ರೋಲ್ ಬದಲು 10 ಅಥವಾ 22 ಕಿಲೋ ಓಮಿನದು ಹಾಕಿದರೂ ಫೋನು, ಬ್ಲೂಟೂತಿಗೆ ಸಾಕು. ಹಮ್ ಗಣನೀಯವಾಗಿ ಇಳಿಯುತ್ತದೆ.

ವಾಲ್ಯೂಮ್ ಸೊನ್ನೆ ಮಾಡಿದರೂ, ಏನೂ ಹಚ್ಚದಿದ್ದರೂ ಒಂದೇ ಸಮನೆ ಹಮ್

ಮನೆಯಲ್ಲಿ ಕಟ್ಟಿದ ಸೆಟ್ಟುಗಳಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಮೊದಲು ಕಣ್ಣಿಂದ ನೋಡಿ. ಕೆಪಾಸಿಟರಿನ ತಲೆ ಉಬ್ಬಿದೆಯಾ, ಬುಡದಲ್ಲಿ ಅಂಟು ಇಳಿದಿದೆಯಾ, ಪ್ಲಸ್ ಮೈನಸ್ ಸರಿ ಇದೆಯಾ? ಉಲ್ಟಾ ಹಾಕಿದ ಕೆಪಾಸಿಟರ್ ಸಿಡಿಯುತ್ತದೆ. ಮೊದಲ ಸಲ ಆನ್ ಮಾಡುವಾಗ ಮುಖ ದೂರ ಇರಲಿ.

ಆಮೇಲೆ ಡಿಸಿ ವೋಲ್ಟ್ ಅಳೆಯಿರಿ. 12-0-12ಕ್ಕೆ ಪ್ಲಸ್ 16 ಮತ್ತು ಮೈನಸ್ 16ರ ಆಸುಪಾಸು ಬರಬೇಕು. ಲೋಡ್ ಇಲ್ಲದಾಗ 17, 18ರ ತನಕ ಏರಬಹುದು. ಟಿಡಿಎ2030ರ ಮಿತಿ 18 ವೋಲ್ಟ್, ಅದಕ್ಕಿಂತ ಮೇಲೆ ಹೋಗಬಾರದು. ಎರಡು ಬದಿಯಲ್ಲಿ ಒಂದು ತುಂಬಾ ಕಡಿಮೆ ಇದ್ದರೆ ಆ ಬದಿಯ ಡಯೋಡೋ ಕೆಪಾಸಿಟರೋ ಕೈಕೊಟ್ಟಿದೆ.

ಮೂರನೆಯದು ರಿಪಲ್, ಅಂದರೆ ಡಿಸಿಯ ಮೇಲೆ ಉಳಿದುಕೊಂಡ ಎಸಿ ಏರಿಳಿತ. ಮೀಟರನ್ನು ಎಸಿಯ ಚಿಕ್ಕ ರೇಂಜಿಗೆ ಇಟ್ಟು, 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಒಂದನ್ನು ಪ್ರೋಬಿಗೆ ಸರಣಿಯಾಗಿ ಹಿಡಿದು ಅಳೆಯಿರಿ. ಅದಿಲ್ಲದೆ ಅಳೆದರೆ ಕೆಲವು ಅಗ್ಗದ ಮೀಟರುಗಳು ಡಿಸಿಯನ್ನೇ ಎಸಿ ಅಂತ ತೋರಿಸಿ ದಾರಿ ತಪ್ಪಿಸುತ್ತವೆ. ಎಸಿಯಲ್ಲಿ 200ಕ್ಕಿಂತ ಚಿಕ್ಕ ರೇಂಜ್ ಇಲ್ಲದ ಮೀಟರಿಗೆ ಈ ಕೆಲಸ ಆಗುವುದಿಲ್ಲ. ಹಾಡಿಲ್ಲದಾಗ ಎರಡು ಐಸಿ ಸೇರಿ ಎಳೆಯುವುದು ಸುಮಾರು 80 ಮಿಲಿ ಆಂಪ್. 4700 ಮೈಕ್ರೋಫ್ಯಾರಡ್‌ಗೆ ಅದು ಶಿಖರದಿಂದ ಶಿಖರಕ್ಕೆ 0.2 ವೋಲ್ಟಿಗಿಂತ ಕಡಿಮೆ ರಿಪಲ್. ಮೀಟರಿನಲ್ಲಿ 0.1 ವೋಲ್ಟ್ ಒಳಗೇ ಕಾಣಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ಕೆಪಾಸಿಟರ್ ಸತ್ತಿದೆ. ಕೆಪಾಸಿಟರ್ ಮೇಲೆ ಅನುಮಾನ ಬಂದರೆ ಪ್ಲಗ್ ಕಿತ್ತು, ಖಾಲಿ ಮಾಡಿ, ಹೊಸದೊಂದನ್ನು ಅದಕ್ಕೆ ಸಮಾಂತರವಾಗಿ ಬೆಸುಗೆ ಹಾಕಿ ನೋಡಿ. ಹಮ್ ಇಳಿದರೆ ಹಳೆಯದನ್ನು ಕಿತ್ತುಹಾಕಿ.

ರಿಪಲ್ ಸರಿಯಾಗಿದ್ದೂ ಹಮ್ ಇದ್ದರೆ ಇನ್ನು ಕೆಪಾಸಿಟರ್ ಸೇರಿಸುತ್ತಾ ಹೋಗಬೇಡಿ. ಈ ಐಸಿಗಳು ಸಪ್ಲೈಯಿಂದ ಬರುವ ರಿಪಲ್ಲನ್ನು ತಾವೇ ಸಾಕಷ್ಟು ತಡೆಯುತ್ತವೆ. ಕೆಪಾಸಿಟರ್ ದೊಡ್ಡದಾದಷ್ಟೂ ಅದು ಚಾರ್ಜ್ ಆಗುವ ಕರೆಂಟ್ ಇನ್ನೂ ಚೂಪಾಗುತ್ತದೆ. ಗ್ರೌಂಡ್ ತಪ್ಪಾಗಿದ್ದರೆ ಝರ್ ಸದ್ದು ಹೆಚ್ಚೇ ಆಗುತ್ತದೆ. 4700 ತೆಗೆದು 10000 ಹಾಕಿದರೂ ಹಮ್ ಹೋಗಲಿಲ್ಲ ಅನ್ನುವವರ ಕಥೆ ಬಹುಪಾಲು ಇದೇ.

ಈಗ ಗ್ರೌಂಡಿಗೆ ಬರೋಣ. ಸರ್ಕ್ಯೂಟ್ ಚಿತ್ರದಲ್ಲಿ ಗ್ರೌಂಡ್ ಅಂದರೆ ಒಂದೇ ಚಿಹ್ನೆ, ಎಲ್ಲಿ ಸೇರಿಸಿದರೂ ಒಂದೇ ಅನ್ನಿಸುತ್ತದೆ. ಪೆಟ್ಟಿಗೆಯೊಳಗೆ ಅದು ವೈರು, ವೈರಿಗೆ ರೆಸಿಸ್ಟೆನ್ಸ್ ಇದೆ. ಸ್ನಾನದ ಮನೆಗೂ ಅಡುಗೆಮನೆಗೂ ಒಂದೇ ಸಣ್ಣ ಪೈಪು ಇದ್ದರೆ, ಅಲ್ಲಿ ನಲ್ಲಿ ಬಿಟ್ಟಾಗ ಇಲ್ಲಿ ನೀರು ಏರಿಳಿಯುತ್ತದಲ್ವಾ, ಹಾಗೇ ಇದೂ. ಲೆಕ್ಕ ನೋಡಿ. ನಾವು ಬಳಸುವ ಸಾಮಾನ್ಯ ಹುಕ್-ಅಪ್ ವೈರು 10 ಸೆಂಟಿಮೀಟರಿಗೆ ಸುಮಾರು 8 ಮಿಲಿ ಓಮ್. ಹಾಡು ಜೋರಾಗಿದ್ದಾಗ ಕೆಪಾಸಿಟರ್ ಚಾರ್ಜ್ ಆಗುವ ಕರೆಂಟ್ ಕ್ಷಣಮಾತ್ರ 5 ಆಂಪ್ ದಾಟಬಹುದು. ಅಷ್ಟು ಹರಿದರೆ ಆ ತುಂಡಿನ ಮೇಲೆ 40 ಮಿಲಿ ವೋಲ್ಟ್. ಅದೇ ತುಂಡನ್ನು ಇನ್‌ಪುಟ್ ಗ್ರೌಂಡೂ ಹಂಚಿಕೊಂಡಿದ್ದರೆ ಆ 40 ಮಿಲಿ ವೋಲ್ಟ್ ಸಿಗ್ನಲ್ ಆಗಿಬಿಡುತ್ತದೆ. ಎಷ್ಟು ಪಟ್ಟು ಹಿಗ್ಗಿಸಬೇಕು ಅಂತ ನಿರ್ಧರಿಸುವ ರೆಸಿಸ್ಟರುಗಳಾಗಿ 22 ಕಿಲೋ ಓಮ್ ಮತ್ತು 680 ಓಮ್ ಹಾಕಿದ ಟಿಡಿಎ2030 ಬೋರ್ಡು ಅದನ್ನು 33 ಪಟ್ಟು ಮಾಡಿ ಸ್ಪೀಕರಿಗೆ 1.3 ವೋಲ್ಟ್ ಕೊಡುತ್ತದೆ. ಹಾಡಿಲ್ಲದಾಗ ಕರೆಂಟ್ ಕಡಿಮೆ. ಅದರ ಹತ್ತನೇ ಒಂದು ಪಾಲು ಬಂದರೂ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಹಾಗಾಗಿ ವೈರು ಹೀಗೆ ಹೋಗಲಿ. ಟ್ರಾನ್ಸ್‌ಫಾರ್ಮರಿನ ಸೊನ್ನೆ ವೈರು (12-0-12ರ ನಡುವಿನದು) ನೇರವಾಗಿ ಎರಡು ಕೆಪಾಸಿಟರ್ ಸೇರುವ ಜಾಗಕ್ಕೆ ಬರಲಿ, ಬೇರೆಲ್ಲಿಗೂ ಬೇಡ. ಆ ಜಾಗದಿಂದ ಒಂದು ದಪ್ಪ, ಗಿಡ್ಡ ವೈರು ಎಳೆದು ಒಂದು ಸ್ಟಾರ್ ಪಾಯಿಂಟ್ ಮಾಡಿ. ಒಂದು ಬೋಲ್ಟು, ಅದಕ್ಕೆ ನಾಲ್ಕೈದು ಲಗ್ ಸಾಕು. ಸ್ಪೀಕರಿನ ಮೈನಸ್, ಪ್ರತಿ ಬೋರ್ಡಿನ ಪವರ್ ಗ್ರೌಂಡ್, ಇನ್‌ಪುಟ್ ಗ್ರೌಂಡ್, ತಗಡಿಗೆ ಹೋಗುವ ವೈರು, ಇವೆಲ್ಲ ಈ ಬೋಲ್ಟಿಗೆ ಬೇರೆ ಬೇರೆಯಾಗಿ ಬರಬೇಕು. ಒಂದರಿಂದ ಇನ್ನೊಂದಕ್ಕೆ ಸರಪಳಿ ಹಾಕಬಾರದು. ಸೊನ್ನೆ ವೈರನ್ನೇ ಸ್ಟಾರ್ ಬೋಲ್ಟಿಗೆ ತಂದರೆ ಚಾರ್ಜಿಂಗ್ ಕರೆಂಟ್ ಸ್ಟಾರಿನ ನಡುವೆಯೇ ಹಾಯುತ್ತದೆ, ಮಾಡಿದ ಕೆಲಸ ವ್ಯರ್ಥ.

ಬೋರ್ಡಿನಲ್ಲೇ ಇನ್‌ಪುಟ್ ಗ್ರೌಂಡೂ ಪವರ್ ಗ್ರೌಂಡೂ ಒಂದಾಗಿದ್ದರೆ ಇನ್‌ಪುಟ್‌ಗೆ ಎರಡನೇ ವೈರು ಸ್ಟಾರಿಗೆ ಎಳೆಯಬೇಡಿ. ಶೀಲ್ಡ್ ವೈರಿನ ಹೊರಬಲೆ ಬೋರ್ಡಿನ ಇನ್‌ಪುಟ್ ಗ್ರೌಂಡಿಗೆ ಮಾತ್ರ ಸೇರಲಿ, ಸಾಕೆಟ್ ತಗಡಿನಿಂದ ಬೇರೆ ಇರಲಿ.

ಎಲ್ಲ ಬಿಚ್ಚುವ ಮುಂಚೆ ಒಂದು ಸಣ್ಣ ಪರೀಕ್ಷೆ. ಎರಡೂ ತುದಿಗೆ ಕ್ರೊಕೊಡೈಲ್ ಕ್ಲಿಪ್ ಇರುವ ದಪ್ಪ ವೈರು ತೆಗೆದುಕೊಳ್ಳಿ. ಪ್ಲಗ್ ಕಿತ್ತು, ಒಂದು ಕ್ಲಿಪ್ಪನ್ನು ಕೆಪಾಸಿಟರುಗಳ ನಡುವಿನ ಜಾಗಕ್ಕೆ, ಇನ್ನೊಂದನ್ನು ಒಂದು ಗ್ರೌಂಡ್ ಜಾಗಕ್ಕೆ ಹಾಕಿ ಆನ್ ಮಾಡಿ ಕೇಳಿ. ಆರಿಸಿ, ಕಿತ್ತು, ಮುಂದಿನ ಜಾಗಕ್ಕೆ ಹೋಗಿ. ಯಾವ ಜಾಗಕ್ಕೆ ಹಾಕಿದಾಗ ಹಮ್ ಇಳಿಯುತ್ತದೋ ಅಲ್ಲಿನ ವೈರೇ ತಪ್ಪು. ಏರಿದರೂ ಅದು ಸುಳಿವೇ, ನೀವು ಹೊಸ ಲೂಪ್ ಮಾಡಿದಿರಿ.

ಹೀಟ್‌ಸಿಂಕನ್ನೂ ಮರೆಯಬೇಡಿ. ಟಿಡಿಎ2030ರ ಬೆನ್ನಿನ ತಗಡು ಒಳಗೆ 3ನೇ ಕಾಲಿಗೆ, ಅಂದರೆ ಮೈನಸ್ ಸಪ್ಲೈಗೆ ಸೇರಿದೆ. ಪ್ಲಸ್ ಮೈನಸ್ ಎರಡೂ ಇರುವ ಸೆಟ್ಟಿನಲ್ಲಿ ಮೈಕಾ ವಾಷರ್ ಇಲ್ಲದೆ ಅದು ಪೆಟ್ಟಿಗೆಗೆ ತಾಗಿದರೆ ಶಾರ್ಟ್. ಒಂದೇ ಸಪ್ಲೈಯ ಕಿಟ್ಟಿನಲ್ಲಿ ಆ ಕಾಲೇ ಗ್ರೌಂಡ್. ಹಾಗಾಗಿ ಶಾರ್ಟ್ ಆಗುವುದಿಲ್ಲ, ಬದಲಿಗೆ ಹೀಟ್‌ಸಿಂಕಿನ ಮೂಲಕ ತಗಡಿಗೆ ಇನ್ನೊಂದು ಗ್ರೌಂಡ್ ದಾರಿ ತೆರೆದುಕೊಳ್ಳುತ್ತದೆ. ಎಲ್ಲ ವೈರೂ ಸರಿಯಿದ್ದು ಹಮ್ ಮಾತ್ರ ಹೋಗದ ಸೆಟ್ಟುಗಳಲ್ಲಿ ಇಲ್ಲೂ ಒಮ್ಮೆ ಹುಡುಕಿ. ಮೈಕಾ ಮತ್ತು ಸ್ಕ್ರೂವಿಗೆ ಪ್ಲಾಸ್ಟಿಕ್ ಬುಷ್ ಹಾಕಿ, ಬಝರ್ ಹಿಡಿದು ಬೀಪ್ ಬರುವುದಿಲ್ಲ ಅಂತ ನೋಡಿಕೊಳ್ಳಿ.

ಇಷ್ಟಾದ ಮೇಲೂ ನುಣುಪಾದ 50 ಹರ್ಟ್ಸ್ ಉಳಿದರೆ ಟ್ರಾನ್ಸ್‌ಫಾರ್ಮರ್ ಬೋರ್ಡಿಗೆ ತೀರಾ ಹತ್ತಿರ ಇದೆ. ಪ್ಲಗ್ ಕಿತ್ತು, ಸ್ಕ್ರೂ ತೆಗೆದು, 90 ಡಿಗ್ರಿ ತಿರುಗಿಸಿ ಇಟ್ಟು ಮತ್ತೆ ಆನ್ ಮಾಡಿ ಕೇಳಿ. ಕೈಯಲ್ಲಿ ಹಿಡಿದುಕೊಂಡು ತಿರುಗಿಸಬೇಡಿ. ನಡುವೆ ತಡೆ ಇಡುವುದಾದರೆ ಕಬ್ಬಿಣದ ತಗಡೇ ಬೇಕು. ಅಲ್ಯೂಮಿನಿಯಂ ಈ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಇನ್‌ಪುಟ್‌ನ ಎರಡು ವೈರು ಹೆಣೆದುಕೊಂಡಂತೆ ಒಟ್ಟಿಗೇ ಹೋಗಲಿ. ನಡುವೆ ಅಗಲ ಜಾಗ ಬಿಟ್ಟರೆ ಅದೇ ಒಂದು ಸುರುಳಿಯಾಗಿ ಹಮ್ ಹಿಡಿಯುತ್ತದೆ.

ಬ್ಲೂಟೂತ್ ಬೋರ್ಡ್ ಸೇರಿಸಿದ ಮೇಲೆ ಕುಂಯ್ ಕುಂಯ್

ಇದು ಹಮ್ಮಿಗಿಂತ ತೆಳುವಾದ, ಹಾಡು ಬದಲಿಸಿದಾಗ, ಫೋನು ಜೋಡಿಸಿದಾಗ ಬದಲಾಗುವ ಸದ್ದು. ಬ್ಲೂಟೂತ್ ಬೋರ್ಡಿಗೂ ಆಂಪ್ಲಿಫೈಯರಿಗೂ ಒಂದೇ ಸಪ್ಲೈ ಕೊಟ್ಟಾಗ ಬರುತ್ತದೆ. ಪವರ್ ಗ್ರೌಂಡ್ ಒಂದು, ಆಡಿಯೋ ಗ್ರೌಂಡ್ ಇನ್ನೊಂದು, ಹೀಗೆ ಎರಡು ದಾರಿ. ಅದೇ ಬೋರ್ಡನ್ನು ಪವರ್ ಬ್ಯಾಂಕಿಗೆ ಹಚ್ಚಿ ನೋಡಿ. ಸದ್ದು ಹೋದರೆ ಬಿ0505ಎಸ್ ಅನ್ನುವ ಪುಟ್ಟ ಐಸೊಲೇಟೆಡ್ ಕನ್ವರ್ಟರ್ ಹಾಕಿ. ಅದು 5 ವೋಲ್ಟನ್ನು 5 ವೋಲ್ಟಾಗಿಯೇ ಕೊಡುತ್ತದೆ, ಗ್ರೌಂಡ್ ಮಾತ್ರ ಬೇರೆ ಮಾಡುತ್ತದೆ. 1 ವ್ಯಾಟಿನದು 200 ಮಿಲಿ ಆಂಪ್ ತನಕ ಸಾಕಾಗುತ್ತದೆ.

ಒಂದೇ ಬದಿಯಲ್ಲಿ ಹಮ್

ಕಂಟ್ರೋಲಿನಿಂದ ಬೋರ್ಡಿಗೆ ಬರುವ ಎಡ, ಬಲ ಇನ್‌ಪುಟ್ ವೈರು ಅದಲು ಬದಲು ಮಾಡಿ. ಹಮ್ ಇನ್ನೊಂದು ಸ್ಪೀಕರಿಗೆ ಹೋದರೆ ಕೇಬಲ್ಲು ಅಥವಾ ಕಂಟ್ರೋಲ್. ಅಲ್ಲೇ ಉಳಿದರೆ ಆ ಬೋರ್ಡು. ಕಂಟ್ರೋಲಿನ ಗ್ರೌಂಡ್ ಕಾಲಿಗೆ ಬೆಸುಗೆ ಸರಿಯಾಗಿ ಹಿಡಿಯದೇ ಇರುವುದು ಇದರ ಅತಿ ಸಾಮಾನ್ಯ ಕಾರಣ. ಮತ್ತೊಮ್ಮೆ ಬಿಸಿ ಮಾಡಿ.

ಇಂಥ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ

ಆನ್ ಮಾಡಿದ ಕೂಡಲೇ ಧಪ್ ಅಂದು ಸ್ಪೀಕರಿನ ಕೋನ್ ಹೊರಗೋ ಒಳಗೋ ಹೋಗಿ ಅಲ್ಲೇ ನಿಂತು, ಜೋರಾದ ಹಮ್ ಬಂದರೆ ತಕ್ಷಣ ಆರಿಸಿ. ಔಟ್‌ಪುಟ್‌ನಲ್ಲಿ ಡಿಸಿ ಬಂದಿದೆ, ಐಸಿ ಹೋಗಿದೆ. ಸ್ಪೀಕರ್ ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಸ್ಪೀಕರ್ ಕಿತ್ತು ಔಟ್‌ಪುಟ್ ಅಳೆಯಿರಿ. 50 ಮಿಲಿ ವೋಲ್ಟ್ ಒಳಗಿದ್ದರೆ ಒಳ್ಳೆಯದು. ಒಂದು ವೋಲ್ಟಿಗಿಂತ ಮೇಲಿದ್ದರೆ ಐಸಿ ಬದಲಾಯಿಸುವ ತನಕ ಸ್ಪೀಕರ್ ಹಚ್ಚಲೇಬೇಡಿ. ಹೊಸ ಸೆಟ್ಟಿನ ಪರೀಕ್ಷೆಗೆಲ್ಲ ಹಳೇ, ಅಗ್ಗದ ಸ್ಪೀಕರ್ ಒಂದು ಇಟ್ಟುಕೊಳ್ಳುವುದು ಒಳ್ಳೆಯದು.

ಫ್ಯೂಸ್ ಎರಡನೇ ಸಲ ಹಾರಿದರೆ ದೊಡ್ಡ ಫ್ಯೂಸ್ ಹಾಕಬೇಡಿ, ತಂತಿ ಸುತ್ತಲೂಬೇಡಿ. ಟ್ರಾನ್ಸ್‌ಫಾರ್ಮರಿನಿಂದ ವಾರ್ನಿಷ್ ಸುಟ್ಟ ವಾಸನೆ ಬಂದರೆ, ಪೆಟ್ಟಿಗೆ ಮುಟ್ಟಿದಾಗ ಶಾಕ್ ಹೊಡೆದರೆ, ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಬೀಳುತ್ತಿದ್ದರೆ ಅನುಭವ ಇರುವವರ ಕೈಗೆ ಕೊಡಿ. ವಾಲ್ವ್ ಆಂಪ್ಲಿಫೈಯರಿನ ಹಮ್ ಅನ್ನು ಈ ಕೈಪಿಡಿ ಹಿಡಿದು ಹುಡುಕಬೇಡಿ. ಅದರ ಒಳಗೆ 300 ವೋಲ್ಟಿಗೂ ಮೇಲೆ ಡಿಸಿ ಇರುತ್ತದೆ, ಆರಿಸಿದ ಮೇಲೂ ಉಳಿದಿರುತ್ತದೆ.

ರಿಪೇರಿಯವರ ಹತ್ತಿರ ಒಯ್ಯುವಾಗ ಬರೀ ಹಮ್ ಬರುತ್ತೆ ಅನ್ನಬೇಡಿ. ವಾಲ್ಯೂಮ್ ಜೊತೆ ಬದಲಾಗುತ್ತದಾ ಇಲ್ಲವಾ, ಶಾರ್ಟಿಂಗ್ ಪ್ಲಗ್ ಹಾಕಿದಾಗ ಏನಾಯಿತು, ಎರಡೂ ಸಪ್ಲೈ ಎಷ್ಟು ವೋಲ್ಟ್, ಔಟ್‌ಪುಟ್‌ನಲ್ಲಿ ಡಿಸಿ ಎಷ್ಟು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಅವರ ಅರ್ಧ ದಿನದ ಕೆಲಸ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.